ಇದ್ದಿಲ ಸಿಗ್ರಿಯ ಜಿಡ್ಡು: ಒರೆಸಿದರೆ ಸಾಲದು, ಒಳಗೆ ನೋಡಿ

ನಮ್ಮದು ನಾಶಿಕ್‌ನಲ್ಲಿ ಒಂದು, ಛತ್ರಪತಿ ಸಂಭಾಜಿನಗರದಲ್ಲಿ ಇನ್ನೊಂದು ಹೋಟೆಲ್. ಮೊದಲೆಲ್ಲ ಇಡ್ಲಿ, ದೋಸೆಯಲ್ಲೇ ವ್ಯಾಪಾರ ಸಾಗುತ್ತಿತ್ತು. ಗಿರಾಕಿಗಳು ಪನೀರ್ ಟಿಕ್ಕಾ, ತಂದೂರಿ ರೊಟ್ಟಿ ಕೇಳತೊಡಗಿದ ಮೇಲೆ ನಾವೂ ಇದ್ದಿಲ ಸಿಗ್ರಿ, ಭಟ್ಟಿ ಹಾಕಿಸಿದೆವು. ದೋಸೆಕಲ್ಲಿನ ಆರೈಕೆ ಹಿರಿಯರು ಕಲಿಸಿದ್ದರು. ಸಿಗ್ರಿಯದ್ದು ಯಾರೂ ಕಲಿಸಿರಲಿಲ್ಲ.

ಕಲಿತದ್ದು ಒಂದು ಶನಿವಾರ ರಾತ್ರಿ, ನಾಶಿಕ್ ಹೋಟೆಲಿನಲ್ಲಿ. ಸಿಗ್ರಿಯ ಕಿಡಿ ಫಿಲ್ಟರ್ ದಾಟಿ ಮೇಲಿನ ಡಕ್ಟ್ ಸೇರಿ, ಅಲ್ಲಿದ್ದ ಜಿಡ್ಡಿಗೆ ಬೆಂಕಿ ಹಿಡಿಯಿತು. ಹುಡುಗನೊಬ್ಬ ನೀರಿನ ಬಕೆಟ್ ಹಿಡಿದು ಓಡಿ ಬಂದ. ನಮ್ಮ ಹಳೆಯ ಭಟ್ಟಿಯವನು ಅವನನ್ನು ತಡೆದು, ಗ್ಯಾಸ್ ಮುಚ್ಚಿ, ಫ್ಯಾನ್ ನಿಲ್ಲಿಸಿ, ಎಲ್ಲರನ್ನೂ ಹೊರಗೆ ಕಳಿಸಿದ. ಅಗ್ನಿಶಾಮಕದವರು ಬಂದು ನಂದಿಸಿದರು. ಆ ಡಕ್ಟ್ ನಮ್ಮ ಹುಡುಗರು ಮಲಗುವ ಕೋಣೆಯ ಗೋಡೆಗೆ ತಾಗಿಯೇ ಹೋಗುತ್ತಿತ್ತು. ಎಲ್ಲರೂ ಮಲಗಿದ ಮೇಲೆ ಹೊತ್ತಿದ್ದರೆ ಏನಾಗುತ್ತಿತ್ತೋ, ನೆನೆದರೆ ಈಗಲೂ ಎದೆ ನಡುಗುತ್ತದೆ.

ವಿಚಿತ್ರವೆಂದರೆ ನಮ್ಮ ಹುಡ್ ಹೊರಗಿನಿಂದ ಕನ್ನಡಿಯಂತೆ ಹೊಳೆಯುತ್ತಿತ್ತು. ದಿನಾಲೂ ಒರೆಸುತ್ತಿದ್ದೆವು. ಮರುದಿನ ಸಂಭಾಜಿನಗರಕ್ಕೆ ಹೋಗಿ ಅಲ್ಲಿನ ಡಕ್ಟ್ ಬಿಚ್ಚಿಸಿದರೆ ಬೆರಳು ದಪ್ಪದ ಕಪ್ಪು ಜಿಡ್ಡು!

ಕಾರಣ ಸರಳ. ಎಣ್ಣೆ, ಬೆಣ್ಣೆ ಕೆಂಡದ ಮೇಲೆ ತೊಟ್ಟಿಕ್ಕಿ ಹೊಗೆಯಾಗುತ್ತದೆ. ಫ್ಯಾನ್ ಎಳೆದ ಆ ಹೊಗೆ ತಗಡಿಗೆ ತಾಗಿ ತಣಿದು, ಮಸಿಯೊಡನೆ ಸೇರಿ ಡಾಂಬರಿನಂತೆ ಅಂಟುತ್ತದೆ. ಗ್ಯಾಸ್ ಒಲೆಯಿಂದ ಕಿಡಿ ಹಾರುವುದಿಲ್ಲ, ಇದ್ದಿಲಿನಿಂದ ಹಾರುತ್ತದೆ. ಅಮೆರಿಕದ ಎನ್‌ಎಫ್‌ಪಿಎ 96 ಎಂಬ ನಿಯಮದಲ್ಲಿ ಕಟ್ಟಿಗೆ, ಇದ್ದಿಲಿನ ಅಡುಗೆಯ ಡಕ್ಟನ್ನು ಪ್ರತಿ ತಿಂಗಳೂ ಪರೀಕ್ಷಿಸಬೇಕೆಂದು ಇರುವುದು ಇದಕ್ಕೇ. 2017ರ ಡಿಸೆಂಬರ್ 29ರಂದು ಮುಂಬಯಿಯ ಕಮಲಾ ಮಿಲ್ಸ್ ಆವರಣದ ಬೆಂಕಿಯಲ್ಲಿ 14 ಜನ ಸತ್ತರು. ಅಲ್ಲಿಯೂ ಅಗ್ನಿಶಾಮಕ ದಳದ ವರದಿ ಬೊಟ್ಟು ಮಾಡಿದ್ದು ಹುಕ್ಕಾದ ಇದ್ದಿಲ ಕಿಡಿಯ ಕಡೆಗೆ.

ಈಗ ನಾವು ಪಾಲಿಸುವ ಕ್ರಮ ಹೀಗಿದೆ.

ದಿನಾಲೂ: ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಡಬ್ಬಕ್ಕೇ ತುಂಬಿ. ಗೋಣಿಚೀಲ, ಪ್ಲಾಸ್ಟಿಕ್ ಬಕೆಟ್ ಬೇಡ. ಬೂದಿಯೊಳಗಿನ ಕೆಂಡ ಮರುದಿನದವರೆಗೂ ಆರದೆ ಇರಬಹುದು. ಸಿಗ್ರಿಯ ಜಾಲಿಯನ್ನು ಬೆಚ್ಚಗಿರುವಾಗಲೇ ಕೆರೆದು, ತಣಿದ ಮೇಲೆ ಬಿಸಿನೀರು, ಸೋಪಿನಲ್ಲಿ ತೊಳೆಯಿರಿ. ತಂತಿ ಬ್ರಷ್ ಬಳಸಬೇಡಿ, ಅದರ ತಂತಿ ಕಳಚಿ ಗಿರಾಕಿಯ ತಟ್ಟೆಗೆ ಹೋದೀತು. ಜಿಡ್ಡಿನ ತಟ್ಟೆಯನ್ನು ಡಬ್ಬಕ್ಕೆ ಖಾಲಿ ಮಾಡಿ, ಮೋರಿಗಲ್ಲ. ಬಿಸಿ ಮಣ್ಣಿನ ಭಟ್ಟಿಗೆ ನೀರು ಹಾಕಿದರೆ ಬಿರುಕು ಖಂಡಿತ.

ವಾರಕ್ಕೆರಡು ಸಲ: ಹುಡ್‌ನ ಫಿಲ್ಟರ್ ತೆಗೆದು ತೊಳೆಯಿರಿ. ಸ್ಟೀಲಿನದಾದರೆ ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ. ಅಲ್ಯೂಮಿನಿಯಂ ಆದರೆ ಬಿಸಿನೀರು, ಪಾತ್ರೆ ಸೋಪು ಮಾತ್ರ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ತಿಂದು ಹಾಕುತ್ತದೆ, ಬೆಂಕಿ ಹಿಡಿಯುವ ಗಾಳಿಯೂ ಹೊರಡುತ್ತದೆ. ಸ್ಟೀಲಿಗೆ ಕಾಸ್ಟಿಕ್ ಬಳಸುವುದೇ ಆದರೆ ಕೈಗವಸು, ಕನ್ನಡಕ ಬೇಕು. ತಣ್ಣೀರಿಗೆ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಪೂರ್ತಿ ಒಣಗಿದ ಮೇಲೆಯೇ ಫಿಲ್ಟರ್ ಮತ್ತೆ ಕೂರಿಸಿ.

ತಿಂಗಳಿಗೊಮ್ಮೆ: ಮೈನ್ ಸ್ವಿಚ್ ತೆಗೆದು ಡಕ್ಟಿನ ಬಾಗಿಲು ಬಿಚ್ಚಿ, ಟಾರ್ಚ್ ಹಾಕಿ ನೋಡಿ. ತಗಡು ಕಾಣಿಸದಿದ್ದರೆ ಕೆರೆಸಿ. ಫ್ಯಾನಿನ ರೆಕ್ಕೆಗಳನ್ನೂ ಬಿಡಬೇಡಿ. ಬಾಗಿಲೇ ಇಲ್ಲದಿದ್ದರೆ, ಮುಖ್ಯವಾಗಿ ತಿರುವುಗಳಲ್ಲಿ, ಮಾಡಿಸಿಕೊಳ್ಳಿ. ನಮ್ಮಲ್ಲಿ ಇರಲಿಲ್ಲ, ಅದೇ ನಮ್ಮ ತಪ್ಪು.

ಇನ್ನೆರಡು ಮಾತು. ಉರಿಯುವ ಜಿಡ್ಡಿಗೆ ನೀರು ಎರಚಬೇಡಿ. ಅಡುಗೆ ಎಣ್ಣೆಯ ಬೆಂಕಿಗೆಂದೇ ಸಿಗುವ ಕೆ ಕ್ಲಾಸ್ ಸಿಲಿಂಡರ್ ಇಟ್ಟು, ಹುಡುಗರಿಗೆ ಬಳಸಲು ಕಲಿಸಿ. ಕೆಂಡವಿರುವ ಮುಚ್ಚಿದ ಅಡುಗೆಮನೆಯಲ್ಲಿ ಯಾರನ್ನೂ ಮಲಗಿಸಬೇಡಿ. ಅದರಿಂದ ಬರುವ ವಿಷಗಾಳಿಗೆ ವಾಸನೆಯೇ ಇಲ್ಲ.

ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯ್ದೆಯಂತೆ ಜನವರಿ ಮತ್ತು ಜುಲೈಯಲ್ಲಿ ಲೈಸೆನ್ಸ್ ಇರುವ ಏಜೆನ್ಸಿಯಿಂದ ಸರ್ಟಿಫಿಕೇಟ್ ಪಡೆದು ಕೊಡಬೇಕು. ಅದು ಗೋಡೆಯ ಮೇಲಿದ್ದರೂ ಜಿಡ್ಡು ತಾನಾಗಿ ಹೋಗುವುದಿಲ್ಲ. ತಿಂಗಳಿಗೊಮ್ಮೆ ಅರ್ಧ ಗಂಟೆ ಗಲ್ಲಾ ಬಿಟ್ಟು, ಮಾಲೀಕರಾದ ನಾವೇ ಟಾರ್ಚ್ ಹಿಡಿದು ಒಳಗೆ ನೋಡೋಣ. ನಮ್ಮನ್ನು ನಂಬಿ ಊರು ಬಿಟ್ಟು ಬಂದ ಹುಡುಗರ ಜೀವ ಅಲ್ಲಿದೆ.