ಇನ್ನೂ ಹುಟ್ಟದ ಮೇಜಿನ ಚಿತ್ರ

ಅಂಗಡಿಯಲ್ಲಿ ಸಿದ್ಧವಾಗಿ ನಿಂತ ಮೇಜನ್ನು ಕೊಳ್ಳುವವನಿಗೆ ಕಣ್ಣೂ ಕೈಯೂ ಸಾಕ್ಷಿ. ಅವನು ಮುಟ್ಟಿ ನೋಡುತ್ತಾನೆ, ಅಲುಗಿಸಿ ನೋಡುತ್ತಾನೆ, ಡ್ರಾಯರನ್ನು ಎಳೆದು ನೂಕುತ್ತಾನೆ. ತನ್ನ ಮನೆಗೆಂದೇ ಹೇಳಿ ಮಾಡಿಸುವವನಿಗೆ ಈ ಅನುಕೂಲವಿಲ್ಲ. ಅವನು ಮುಂಗಡ ಕೊಡುವುದು ಇನ್ನೂ ಹುಟ್ಟದ ವಸ್ತುವಿಗೆ. ಹಿಂದೆ ನಮ್ಮ ಬಡಗಿಗಳು ಹಲಗೆಯ ಮೇಲೆ ಪೆನ್ಸಿಲಿನಿಂದ ನಾಲ್ಕು ಗೆರೆ ಎಳೆದು, ಕೈಯೆತ್ತಿ ಎತ್ತರ ತೋರಿಸಿ, “ಚೆನ್ನಾಗಿ ಬರುತ್ತೆ ಬಿಡಿ ಸ್ವಾಮಿ” ಎನ್ನುತ್ತಿದ್ದರು. ಆ ಮಾತೇ ಕರಾರು. ಆ ಜಾಗದಲ್ಲಿ ಈಗ ಗಣಕಯಂತ್ರ ರಚಿಸಿದ, ಛಾಯಾಚಿತ್ರವೆಂದೇ ಭ್ರಮೆ ಹುಟ್ಟಿಸುವ ಚಿತ್ರವೊಂದು ಬಂದು ಕುಳಿತಿದೆ. ಇದನ್ನು ರಚಿಸುವ ಕ್ರಿಯೆಗೆ ರೆಂಡರಿಂಗ್ ಎಂದು ಹೆಸರು. ಮರಗೆಲಸದ ವಿನ್ಯಾಸವನ್ನೇ ವೃತ್ತಿಯಾಗಿ ಉಳ್ಳ ನಾನು ಈ ವಿದ್ಯೆಯನ್ನು ಕಲಿತ ಬಗೆಯನ್ನೂ ಅದರ ಜೊತೆಗೇ ಬಂದ ಒಂದು ಸಂದಿಗ್ಧವನ್ನೂ ಹೇಳಬೇಕೆಂದಿದ್ದೇನೆ.

ನಾನು ಕಲಿತದ್ದು ಬ್ಲೆಂಡರ್ ಎಂಬ ತಂತ್ರಾಂಶ. ಹಾಲೆಂಡಿನ ಟೋನ್ ರೂಸೆಂಡಾಲ್ ಎಂಬವರು ರೂಪಿಸಿದ ಇದನ್ನು 2002ರಲ್ಲಿ ಬಳಕೆದಾರರೇ ಕೂಡಿಸಿದ ಒಂದು ಲಕ್ಷ ಯೂರೋ ಹಣ ತೆತ್ತು, ಬಂಡವಾಳ ಹೂಡಿದವರ ಹಿಡಿತದಿಂದ ಬಿಡಿಸಿ, ಎಲ್ಲರಿಗೂ ಮುಕ್ತಗೊಳಿಸಲಾಯಿತು. ಇದರಲ್ಲಿ ಕೆಲಸದ ಕ್ರಮ ಸರಳವಾದದ್ದು: ಮೊದಲು ಅಳತೆಗೆ ಸರಿಯಾಗಿ ಆಕಾರವನ್ನು ಕಟ್ಟಬೇಕು, ಅದರ ಮೈಗೆ ಮರದ ಗುಣವನ್ನು ಕೊಡಬೇಕು, ಬೆಳಕನ್ನು ಇಡಬೇಕು, ಕೊನೆಗೆ ಕ್ಯಾಮರಾ ಎಲ್ಲಿರತಕ್ಕದ್ದೆಂದು ಹೇಳಬೇಕು. ಉಳಿದದ್ದು ಯಂತ್ರದ ಪಾಲು. ನಿಜಜಗತ್ತಿನಲ್ಲಿ ಬೆಳಕು ಕಿಟಕಿಯಿಂದ ಬಂದು, ಗೋಡೆಗೆ ತಾಗಿ, ಮೇಜಿಗೆ ಬಡಿದು ನಮ್ಮ ಕಣ್ಣನ್ನು ಸೇರುತ್ತದಷ್ಟೆ. ಯಂತ್ರ ಈ ದಾರಿಯನ್ನು ಹಿಮ್ಮುಖವಾಗಿ ಹಿಡಿದು, ಚಿತ್ರದ ಒಂದೊಂದು ಚುಕ್ಕೆಯಿಂದಲೂ ಕಿರಣವನ್ನು ಹೊರಡಿಸಿ, ಅದು ಎಲ್ಲೆಲ್ಲಿ ಬಡಿದು ಕೊನೆಗೆ ಯಾವ ದೀಪವನ್ನು ಸೇರಿತೆಂದು ಲೆಕ್ಕ ಹಾಕುತ್ತದೆ. ಈ ಲೆಕ್ಕದ ಮೂಲಸಮೀಕರಣವನ್ನು ಅಮೆರಿಕದ ಜೇಮ್ಸ್ ಕಜಿಯಾ 1986ರಲ್ಲಿ ಪ್ರಕಟಿಸಿದರು. ಎಲ್ಲ ದಾರಿಗಳನ್ನೂ ಎಣಿಸುವುದು ಅಸಾಧ್ಯವಾದ್ದರಿಂದ ದಾಳ ಉರುಳಿಸಿದಂತೆ ಕೆಲವನ್ನು ಆರಿಸಿಕೊಳ್ಳುವುದೇ ಉಪಾಯ. ಕಿರಣಗಳು ಕಡಿಮೆಯಾದರೆ ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಣುತ್ತದೆ. ಆ ರವೆಯನ್ನು ಅರ್ಧಕ್ಕೆ ಇಳಿಸಬೇಕಾದರೆ ಕಿರಣಗಳು ನಾಲ್ಕು ಪಟ್ಟಾಗಬೇಕು. ಹಳೆಯ ಯಂತ್ರದಲ್ಲಿ ರಾತ್ರಿ ಕೆಲಸ ಹಚ್ಚಿ ಮಲಗಿ, ಬೆಳಿಗ್ಗೆ ಎದ್ದು ನೋಡುವುದೇ ವಾಸಿ.

ಆದರೆ ಗುಂಡಿಗಳನ್ನು ಒತ್ತಲು ಕಲಿತ ಮಾತ್ರಕ್ಕೆ ಮರ ಮರವಾಗುವುದಿಲ್ಲ. ತೇಗದ ಹಲಗೆಯ ಛಾಯಾಚಿತ್ರವನ್ನು ತಂದು ಮೇಜಿನ ಆಕಾರಕ್ಕೆ ಸುತ್ತಿಬಿಟ್ಟರೆ ಪುಸ್ತಕಕ್ಕೆ ರಟ್ಟು ಹಾಕಿದಂತೆ ಕಾಣುತ್ತದೆ. ಯಾವ ಬಡಗಿಯೂ ಅದನ್ನು ನೋಡಿ ನಕ್ಕಾನು. ಹಲಗೆಯ ಮೇಲ್ಮೈಯಲ್ಲಿ ಉದ್ದಕ್ಕೆ ಹರಿಯುವ ಗೆರೆಗಳು ಅಡ್ಡ ಕೊಯ್ದ ತುದಿಗೆ ಬಂದಾಗ ಉಂಗುರದ ತುಣುಕುಗಳಾಗಿ ಬಾಗಬೇಕು, ಏಕೆಂದರೆ ಎರಡೂ ಒಂದೇ ಮರದ ಬೆಳವಣಿಗೆಯ ಗುರುತುಗಳು. ಇದನ್ನು ಸಾಧಿಸುವ ಸೊಗಸಾದ ಮಾರ್ಗವೊಂದನ್ನು 1985ರಲ್ಲಿ ಕೆನ್ ಪರ್ಲಿನ್ ಮತ್ತು ಡಾರ್ವಿನ್ ಪೀಚಿ ಬೇರೆಬೇರೆಯಾಗಿ ತೋರಿಸಿಕೊಟ್ಟರು: ಬಣ್ಣವನ್ನು ಮೈಗೆ ಅಂಟಿಸದೆ, ಇಡೀ ದಿಮ್ಮಿಯ ಒಳಗೆಲ್ಲ ತುಂಬಿಟ್ಟು, ಅದರೊಳಗಿಂದ ವಸ್ತುವನ್ನು ಕೆತ್ತಿ ತೆಗೆದಂತೆ ಲೆಕ್ಕ ಹಾಕುವುದು. ಇದು ಶಿಲ್ಪಿಯೂ ಬಡಗಿಯೂ ಒಪ್ಪುವ ಯೋಚನೆ.

ಇನ್ನು ಹೊಳಪಿನ ವಿಷಯ. ಪಾಲಿಷ್ ಮಾಡಿದ ಹಲಗೆಯನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಓರೆ ಮಾಡಿ ನೋಡಿ. ಮೇಲಿನ ಪಾಲಿಷಿನ ಹೊಳಪು ಒಂದು. ಅದರ ಕೆಳಗೆ, ಮರದ ಒಳಗಿನಿಂದಲೇ ಎಂಬಂತೆ, ರೇಷ್ಮೆ ಸೆರಗಿನ ಹಾಗೆ ಜಾರಾಡುವ ಹೊಳಪು ಇನ್ನೊಂದು. ಇದು ಮರದ ನಾರುಗಳು ಮೇಲ್ಮೈಗೆ ಓರೆಯಾಗಿ ಮಲಗಿರುವುದರ ಪರಿಣಾಮವೆಂದು ಸ್ಟೀಫನ್ ಮಾರ್ಷ್‌ನರ್ ಮತ್ತು ಸಂಗಡಿಗರು 2005ರಲ್ಲಿ ಅಳೆದು ತೋರಿಸಿದರು. ದಿನವೂ ಮರದೊಡನೆ ಇದ್ದೂ ಈ ಎರಡು ಹೊಳಪುಗಳನ್ನು ನಾನು ಬೇರ್ಪಡಿಸಿ ನೋಡಿದವನಲ್ಲ. ಅದನ್ನು ನೋಡಿಸಿದ್ದು ಈ ಯಂತ್ರ. ಅಂಚುಗಳ ಮಾತೂ ಹೀಗೆಯೇ. ಮರದಲ್ಲಿ ಕತ್ತಿಯಂಥ ಅಂಚು ಇರುವುದೇ ಇಲ್ಲ. ಮರಳು ಕಾಗದ ತಗುಲಿ ಕೂದಲೆಳೆಯಷ್ಟಾದರೂ ದುಂಡಗಾಗಿರುತ್ತದೆ, ಅಲ್ಲಿ ಬೆಳಕಿನ ಗೆರೆಯೊಂದು ಮಿನುಗುತ್ತದೆ. ಆ ಗೆರೆ ಇಲ್ಲದ ಚಿತ್ರ ಎಷ್ಟು ಅಂದವಾಗಿದ್ದರೂ ಸುಳ್ಳೆಂದು ಕಣ್ಣು ಹೇಳಿಬಿಡುತ್ತದೆ.

ಸ್ವೀಡನ್ನಿನ ಪೀಠೋಪಕರಣ ಸಂಸ್ಥೆ ಐಕಿಯಾ 2006ರಲ್ಲಿ ತನ್ನ ಕ್ಯಾಟಲಾಗಿನಲ್ಲಿ ಬರ್ಟಿಲ್ ಎಂಬ ಮರದ ಕುರ್ಚಿಯ ಗಣಕಚಿತ್ರವನ್ನು ಅಚ್ಚು ಹಾಕಿತು. ಆ ಬಗೆಯಲ್ಲಿ ಅವರದು ಅದೇ ಮೊದಲು. ಮುಂದೆ ಅಲ್ಲಿ ಛಾಯಾಗ್ರಾಹಕರಿಗೆ ಗಣಕವನ್ನೂ ಗಣಕದವರಿಗೆ ಛಾಯಾಗ್ರಹಣವನ್ನೂ ಕಲಿಸಿದರಂತೆ. ಯೋಗ್ಯವಾದ ಕ್ರಮ. ಆದರೆ ಅವರ ಕುರ್ಚಿ ಸಾವಿರಗಟ್ಟಲೆ ತಯಾರಾಗುವಂಥದು. ಚಿತ್ರಕ್ಕೂ ಕುರ್ಚಿಗೂ ತಾಳೆ ತಪ್ಪುವ ಭಯ ಕಡಿಮೆ. ನಮ್ಮಂಥವರು ಮಾಡುವುದು ಒಂದೇ ಮೇಜು. ನನ್ನ ಸಂದಿಗ್ಧ ಮೊದಲಾಗುವುದು ಇಲ್ಲಿಯೇ.

ಗಿರಾಕಿಯೊಬ್ಬರು ಚಿತ್ರದ ಬಲಮೂಲೆಯಲ್ಲಿದ್ದ ಒಂದು ಸುಳಿಯಾಕಾರದ ಗಂಟಿನ ಮೇಲೆ ಬೆರಳಿಟ್ಟು, “ಇದು ಹೀಗೇ ಇಲ್ಲೇ ಬರಬೇಕು” ಎಂದರು. ಅವರದು ತಪ್ಪಲ್ಲ. ಪೆನ್ಸಿಲಿನ ಗೆರೆ ‘ಇಂಥದು’ ಎನ್ನುತ್ತದೆ. ಛಾಯಾಚಿತ್ರದಂತಿರುವ ಚಿತ್ರ ‘ಇದೇ’ ಎನ್ನುತ್ತದೆ. ಆ ಗಂಟು ಎಲ್ಲಿಯೋ ಕಡಿದ ಇನ್ನಾವುದೋ ಮರದ್ದು. ಬಣ್ಣದ ತೊಡಕು ಇನ್ನೂ ಸೂಕ್ಷ್ಮವಾದದ್ದು. ಹಲಸಿನ ಮರ ಹೊಸತರಲ್ಲಿ ಅರಿಸಿನದಂತೆ ಹಳದಿ. ಕಾಲ ಕಳೆದಂತೆ ಕಂದಿ ಕಡುಕಂದಾಗುತ್ತದೆ. ಹೊಸದಾಗಿ ಕೊಯ್ದ ತೇಗದ ಮಂಕು ಪಟ್ಟೆಗಳು ಬೆಳಕಿಗೆ ಬಿದ್ದು ಹೊಂಬಣ್ಣಕ್ಕೆ ತಿರುಗುತ್ತವೆ. ಹಾಗಾದರೆ ಚಿತ್ರದಲ್ಲಿ ತೋರಿಸಬೇಕಾದದ್ದು ಮನೆಗೆ ಬಂದ ದಿನದ ಬಣ್ಣವನ್ನೋ, ಮಕ್ಕಳು ದೊಡ್ಡವರಾದ ಮೇಲಿನ ಬಣ್ಣವನ್ನೋ? ಮಳೆಗಾಲಕ್ಕೆ ಹಿಗ್ಗಿ ಬೇಸಗೆಗೆ ಕುಗ್ಗುವ ಹಲಗೆ ಚಿತ್ರದಲ್ಲಿ ಅಲುಗದೆ ಕೂತಿರುತ್ತದೆ. ಯಾವ ಜೋಡಣೆಯೂ ಇಲ್ಲದೆ ಗಾಳಿಯಲ್ಲಿ ತೇಲುವ ಕಪಾಟನ್ನು ಕೂಡ ಯಂತ್ರ ಅಷ್ಟೇ ಗಂಭೀರವಾಗಿ ಬೆಳಗಿಸಿ ಕೊಡುತ್ತದೆ. ಆಮೇಲೆ ನಿಷ್ಠುರದ ಮಾತು ಕೇಳಬೇಕಾದವನು ಬಡಗಿ.

ಚಿತ್ರ ಚೆನ್ನಾಗಿದ್ದರೆ ವ್ಯಾಪಾರ ಕುದುರುತ್ತದೆ, ಉಳಿದದ್ದನ್ನು ಆಮೇಲೆ ನೋಡಿಕೊಳ್ಳೋಣ ಎನ್ನುವ ಸಹೋದ್ಯೋಗಿಗಳುಂಟು. ನಾನು ಒಪ್ಪಲಾರೆ. ಆಕಾರ, ಅಳತೆ ತೀರ್ಮಾನವಾಗುವತನಕ ಗೆರೆಯ ಚಿತ್ರವನ್ನು ಮಾತ್ರ ತೋರಿಸುತ್ತೇನೆ; ಅದು ಇನ್ನೂ ತಿದ್ದಬಹುದಾದದ್ದೆಂದು ನೋಡಿದೊಡನೆ ತಿಳಿಯುತ್ತದೆ. ಮರವನ್ನು ಕೊಂಡು ತಂದ ಮೇಲೆ, ಆ ಹಲಗೆಗಳನ್ನೇ ಮೋಡದ ದಿನದ ಬೆಳಕಿನಲ್ಲಿ ಛಾಯಾಚಿತ್ರ ತೆಗೆದು, ಅವುಗಳಿಂದಲೇ ರೆಂಡರಿಂಗ್ ಮಾಡುತ್ತೇನೆ. ಜೊತೆಗೆ ಅದೇ ಹಲಗೆಯ ಒಂದು ಗೇಣುದ್ದದ ತುಂಡಿಗೆ ಪಾಲಿಷ್ ಹಾಕಿ ಗಿರಾಕಿಯ ಕೈಗೆ ಕೊಟ್ಟು, ಕಿಟಕಿಯ ಬಳಿ ಇಟ್ಟುಕೊಳ್ಳಿ ಎನ್ನುತ್ತೇನೆ. ಬಡಗಿಗೆ ಈ ಚಿತ್ರದಿಂದ ಪ್ರಯೋಜನವಿಲ್ಲ. ಅವನು ಅದನ್ನು ಒಮ್ಮೆ ನೋಡಿ, ತಲೆದೂಗಿ, ಬದಿಗಿಟ್ಟು, “ಈ ಕಾಲು ಒಳಗೆ ಹೇಗೆ ಕೂತಿದೆ ಹೇಳಿ” ಎಂದು ಕೇಳುತ್ತಾನೆ. ಅದಕ್ಕೆ ಬೇರೆಯೇ ಒಂದು ಹಾಳೆ ಬೇಕು.