ಉಸಿರಿನ ಹಾದಿಯ ಕಾವಲು

ಔರಾದ, ಭಾಲ್ಕಿಗಳ ಕಣಗಳಲ್ಲಿ ಜೋಳ, ತೊಗರಿಗಳ ರಾಶಿ ನಡೆಯುವಾಗ ಹೊಟ್ಟು ಹಾರುತ್ತದೆ. ಬೇಸಿಗೆ ಬಂದಿತೆಂದರೆ ಬೀದರ ನಗರದ ಬೀದಿಗಳಲ್ಲಿ ಕೆಂಪು ಧೂಳು ಏಳುತ್ತದೆ. ಇವೆಲ್ಲ ಉಸಿರಿನೊಡನೆ ಮೂಗನ್ನು ಹೊಗುತ್ತವೆ. ಆದರೂ ಅವುಗಳಲ್ಲಿ ಬಹುಪಾಲು ಶ್ವಾಸಕೋಶದ ಆಳವನ್ನು ಮುಟ್ಟುವುದಿಲ್ಲ. ಅವುಗಳನ್ನು ತಡೆಯುವ ಕಾವಲು ಯಾವುದು?

ಶ್ವಾಸನಾಳದ ಒಳಪದರದ ಅಡಿಯಲ್ಲಿ ಅಸಂಖ್ಯಾತ ಪುಟ್ಟ ಗ್ರಂಥಿಗಳಿವೆ. ಅವು ಲೋಳೆಯನ್ನೂ ನೀರಿನಂತಹ ದ್ರವವನ್ನೂ ಸ್ರವಿಸುತ್ತವೆ. ಧೂಳು ಮತ್ತು ರೋಗಾಣುಗಳು ಲೋಳೆಗೆ ಅಂಟಿಕೊಳ್ಳುತ್ತವೆ. ಒಳಪದರದ ಸೂಕ್ಷ್ಮ ರೋಮಗಳು ಆ ಲೋಳೆಯನ್ನು ಗಂಟಲಿನ ಕಡೆಗೆ ನೂಕುತ್ತವೆ. ದ್ರವದಲ್ಲಿರುವ ಲೈಸೊಜೈಮ್ ಎಂಬ ಪದಾರ್ಥವು ಅನೇಕ ಬ್ಯಾಕ್ಟೀರಿಯಗಳನ್ನು ನಾಶಪಡಿಸುತ್ತದೆ. 1922ರಲ್ಲಿ ಇದನ್ನು ಪ್ರಕಟಪಡಿಸಿದವನು ಅಲೆಗ್ಸಾಂಡರ್ ಫ್ಲೆಮಿಂಗ್. ನೆಗಡಿಯಾದ ಮೂಗಿನ ಸಿಂಬಳದಲ್ಲಿ ಆತನು ಅದರ ಶಕ್ತಿಯನ್ನು ಗುರುತಿಸಿದನು.

ಶಿಶುವು ಗರ್ಭದಲ್ಲಿರುವಾಗಲೇ, ಸುಮಾರು ಮೂರನೆಯ ತಿಂಗಳಿನಲ್ಲಿ, ಈ ಗ್ರಂಥಿಗಳ ನಿರ್ಮಾಣ ತೊಡಗುತ್ತದೆ. ಒಳಪದರದ ಜೀವಕೋಶಗಳು ಅಲ್ಲಲ್ಲಿ ಮೊಗ್ಗಿನಂತೆ ಕೆಳಗಿಳಿದು, ಕವಲೊಡೆದು, ಗ್ರಂಥಿಗಳಾಗುತ್ತವೆ. ಮೊಗ್ಗು ಎಲ್ಲಿ ಮೂಡಬೇಕು, ಹೇಗೆ ಕವಲೊಡೆಯಬೇಕು ಎಂಬುದನ್ನು ಅನೇಕ ಜೀನುಗಳು ಕೂಡಿ ನಿಯಂತ್ರಿಸುತ್ತವೆ. ಅವುಗಳಲ್ಲಿ ಇಡಿಎ ಎಂಬುದೊಂದು. ಅದರ ಆಣತಿಯಂತೆ ಸಿದ್ಧವಾಗುವ ಪ್ರೋಟೀನು, ಜೀವಕೋಶದಿಂದ ಜೀವಕೋಶಕ್ಕೆ ಸಂದೇಶವನ್ನು ಒಯ್ಯುವ ದೂತನಿದ್ದಂತೆ. ಹಲ್ಲು, ಕೂದಲು ಮತ್ತು ಬೆವರಿನ ಗ್ರಂಥಿಗಳ ಬೆಳವಣಿಗೆಗೂ ಇದೇ ದೂತನು ಬೇಕು.

ಈ ಜೀನು ಕೆಟ್ಟರೆ ಏನಾಗುತ್ತದೆ? ಇಂದು ಪಾಕಿಸ್ತಾನದಲ್ಲಿರುವ ಸಿಂಧ್ ಪ್ರಾಂತದ ಒಂದು ಮನೆತನವನ್ನು ಚಾರ್ಲ್ಸ್ ಡಾರ್ವಿನ್ 1875ರಲ್ಲಿ ವರ್ಣಿಸಿದನು. ಅದರ ನಾಲ್ಕು ತಲೆಮಾರುಗಳಲ್ಲಿ ಹತ್ತು ಮಂದಿ ಗಂಡಸರಿಗೆ ಕೆಲವೇ ಹಲ್ಲುಗಳು, ಅತ್ಯಲ್ಪ ಕೂದಲು. ಬಿಸಿಲುಕಾಲದಲ್ಲಿ ಅವರ ಚರ್ಮ ಒಣಗಿ ಅವರು ಬಹಳ ಬಳಲುತ್ತಿದ್ದರು. ಹೆಣ್ಣುಮಕ್ಕಳಲ್ಲಿ ಈ ಕೊರತೆ ಕಾಣದಿದ್ದರೂ ಅವರ ಗಂಡುಮಕ್ಕಳಲ್ಲಿ ಅದು ತಲೆದೋರುತ್ತಿತ್ತು. ಇದಕ್ಕೆ ಕಾರಣ ಈಗ ಸ್ಪಷ್ಟವಾಗಿದೆ. ಇಡಿಎ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ತಾಯಿಗೆ ಎರಡು ಎಕ್ಸ್ ವರ್ಣತಂತುಗಳಿರುವುದರಿಂದ ಒಂದರ ದೋಷವನ್ನು ಇನ್ನೊಂದು ಬಹುಮಟ್ಟಿಗೆ ಮರೆಸುತ್ತದೆ. ಮಗನಿಗೆ ಇರುವುದು ಒಂದೇ.

ಇದೇ ದೋಷವುಳ್ಳ ನಾಯಿಗಳನ್ನು ಪರೀಕ್ಷಿಸಿದಾಗ ಅವುಗಳ ಶ್ವಾಸನಾಳದಲ್ಲಿ ಗ್ರಂಥಿಗಳೇ ಇರಲಿಲ್ಲ. ಈ ದೋಷವುಳ್ಳ ಮಕ್ಕಳಿಗೆ ಕೆಮ್ಮು, ಕಫ, ಎದೆಯ ಸೋಂಕುಗಳು ಮತ್ತೆ ಮತ್ತೆ ಏಕೆ ಬರುತ್ತವೆಂಬುದನ್ನು ಇದು ವಿವರಿಸುತ್ತದೆ.

1996ರಲ್ಲಿ ವಿಜ್ಞಾನಿಗಳು ಈ ಜೀನನ್ನು ಗುರುತಿಸಿದರು. 2018ರಲ್ಲಿ ಜರ್ಮನಿಯ ವೈದ್ಯರು ಒಂದು ಮಹತ್ತ್ವದ ವರದಿಯನ್ನು ಪ್ರಕಟಿಸಿದರು. ಕೊರತೆಯಾದ ಪ್ರೋಟೀನನ್ನು ಅವರು ಗರ್ಭಜಲಕ್ಕೆ ಸೇರಿಸಿದ್ದರು. ಹಾಗೆ ಚಿಕಿತ್ಸೆ ಪಡೆದು ಹುಟ್ಟಿದ ಮೂವರು ಗಂಡುಮಕ್ಕಳು ಬೆವರಬಲ್ಲವರಾದರು. ಬೆವರಿನ ಗ್ರಂಥಿ ಮೂಡಬೇಕಾದ ಕಾಲದಲ್ಲಿಯೇ ಸಂದೇಶವು ತಲುಪಿದುದು ಇದರ ಮರ್ಮ.

ಬೀದರ ಸೀಮೆಯ ಬಿಸಿಲಿನಲ್ಲಿ ಬೆವರದ ಮಗುವಿನ ಮೈ ಬೇಗ ಕಾಯುತ್ತದೆ. ಅದನ್ನು ಬರಿಯ ಜ್ವರವೆಂದು ಬಗೆದರೆ ಜೀವಕ್ಕೆ ಅಪಾಯವುಂಟು. ನೆರಳು, ಒದ್ದೆ ಬಟ್ಟೆ, ಸಾಕಷ್ಟು ನೀರು ಮತ್ತು ಸಕಾಲದ ವೈದ್ಯೋಪಚಾರಗಳು ಅದನ್ನು ಕಾಪಾಡಬಲ್ಲವು. ಇಂತಹ ಕೊರತೆ ಯಾರ ಶಾಪವೂ ಅಲ್ಲ, ತಾಯಿಯ ತಪ್ಪೂ ಅಲ್ಲ. ಕಾರಣವನ್ನು ಅರಿತ ಸಮಾಜವು ಆ ತಾಯಿಯನ್ನು ಹಳಿಯುವುದನ್ನು ಬಿಟ್ಟು ಮಗುವಿನ ಆರೈಕೆಗೆ ನಿಲ್ಲುತ್ತದೆ.