ಹೈದರಾಬಾದ್‌ನಲ್ಲಿ ಬಂಧಿತರ ಫೋಟೋ, ಜೈಲು ದಾಖಲೆ ಆನ್‌ಲೈನ್‌ನಲ್ಲಿ ಸಿಗುತ್ತಾ? ಮನೆಯವರು ಹುಡುಕುವುದು ಹೇಗೆ?

ಹೈದರಾಬಾದ್: ಸಂಧ್ಯಾ ಚಿತ್ರಮಂದಿರದ ಕಾಲ್ತುಳಿತ ಪ್ರಕರಣದಲ್ಲಿ ನಟ ಅಲ್ಲು ಅರ್ಜುನ್ ಅವರನ್ನು 2024ರ ಡಿಸೆಂಬರ್ 13ರಂದು ಪೊಲೀಸರು ಬಂಧಿಸಿದರು. ನಾಂಪಲ್ಲಿ ನ್ಯಾಯಾಲಯ 14 ದಿನಗಳ ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿತು. ಅದೇ ಸಂಜೆ ತೆಲಂಗಾಣ ಹೈಕೋರ್ಟ್ ಮಧ್ಯಂತರ ಜಾಮೀನು ನೀಡಿತಾದರೂ ಆದೇಶದ ಪ್ರತಿ ಜೈಲು ತಲುಪುವುದು ತಡವಾಗಿ, ಅವರು ಆ ರಾತ್ರಿಯನ್ನು ಚಂಚಲಗುಡ ಕೇಂದ್ರ ಕಾರಾಗೃಹದಲ್ಲೇ ಕಳೆಯಬೇಕಾಯಿತು. ಬೆಳಗಾಗುವಷ್ಟರಲ್ಲಿ ಅವರ ಕೈದಿ ಸಂಖ್ಯೆ 7697 ಎಂಬುದು ದೇಶದ ಎಲ್ಲರ ಮೊಬೈಲ್‌ನಲ್ಲಿತ್ತು. ಅದಕ್ಕೂ ಆರು ತಿಂಗಳ ಮೊದಲು ಪರಪ್ಪನ ಅಗ್ರಹಾರದಲ್ಲಿ ನಟ ದರ್ಶನ್ ಅವರಿಗೆ ಕೊಟ್ಟ 6106 ಸಂಖ್ಯೆಯಂತೂ ಅಭಿಮಾನಿಗಳ ವಾಹನಗಳ ಮೇಲೆ ಸ್ಟಿಕ್ಕರ್ ಆಗಿ ಓಡಾಡಿತು.

ಇದನ್ನೆಲ್ಲ ನೋಡಿದವರಿಗೆ, ಬಂಧನವಾದ ಪ್ರತಿಯೊಬ್ಬರ ಫೋಟೋ ಮತ್ತು ಜೈಲು ದಾಖಲೆ ಸರ್ಕಾರದ ಯಾವುದೋ ವೆಬ್‌ಸೈಟ್‌ನಲ್ಲಿ ಇದ್ದೇ ಇರುತ್ತದೆ, ಹೆಸರು ಟೈಪ್ ಮಾಡಿದರೆ ಸಿಗುತ್ತದೆ ಎಂದು ಅನಿಸುವುದು ಸಹಜ. ಆದರೆ ಸಿನಿಮಾ ನಟರ ವಿಚಾರ ಬೇರೆ. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ ಕಡೆಯಿಂದ ಕೆಲಸಕ್ಕೆಂದು ಹೈದರಾಬಾದ್‌ಗೆ ಹೋದ ಯುವಕನೊಬ್ಬನನ್ನು ಅಲ್ಲಿನ ಪೊಲೀಸರು ಕರೆದೊಯ್ದರೆ, ಊರಿನಲ್ಲಿರುವ ಅಪ್ಪ-ಅಮ್ಮನಿಗೆ ಗೂಗಲ್‌ನಲ್ಲಿ ಏನೂ ಸಿಗುವುದಿಲ್ಲ. ಫೋನ್ ಸ್ವಿಚ್ ಆಫ್ ಬರುತ್ತಿರುತ್ತದೆ, ಅಷ್ಟೇ.

ಹಾಗಾದರೆ ಕಾನೂನಿನ ಪ್ರಕಾರ ಯಾವ ಮಾಹಿತಿ ಬಹಿರಂಗವಾಗಿರಬೇಕು, ಯಾವುದು ಇರಬಾರದು? ಮನೆಯವರು ಎಲ್ಲಿ ಕೇಳಬೇಕು?

ಅಮೆರಿಕದ ಪದ್ಧತಿ ಇಲ್ಲಿಲ್ಲ

ಬಂಧಿತರ ಫೋಟೋ ಹುಡುಕುವ ಅಭ್ಯಾಸ ಬಂದಿದ್ದು ಅಮೆರಿಕದಿಂದ. ಫ್ಲೋರಿಡಾದಂತಹ ಹಲವು ರಾಜ್ಯಗಳಲ್ಲಿ ಜೈಲಿಗೆ ದಾಖಲಾದವರ ಹೆಸರು, ಆರೋಪ, 'ಮಗ್‌ಶಾಟ್' ಎಂದು ಕರೆಯುವ ಫೋಟೋ ಎಲ್ಲವೂ ಸಾರ್ವಜನಿಕ ದಾಖಲೆ. 2023ರ ಆಗಸ್ಟ್‌ನಲ್ಲಿ ಡೊನಾಲ್ಡ್ ಟ್ರಂಪ್ ಅವರ ಫೋಟೋವನ್ನು ಜಾರ್ಜಿಯಾದ ಫುಲ್ಟನ್ ಕೌಂಟಿ ಜೈಲು ತೆಗೆದಾಗ ಅದು ಕೆಲವೇ ಗಂಟೆಗಳಲ್ಲಿ ಜಗತ್ತಿನ ಮುಂದಿತ್ತು. ಇದರ ಇನ್ನೊಂದು ಮುಖವೂ ಉಂಟು. ಅಲ್ಲಿ ಕೆಲವು ಖಾಸಗಿ ವೆಬ್‌ಸೈಟ್‌ಗಳು ಈ ಫೋಟೋಗಳನ್ನು ರಾಶಿ ಹಾಕಿಕೊಂಡು, ತೆಗೆಯಬೇಕೆಂದರೆ ದುಡ್ಡು ಕೊಡಿ ಎಂದು ಜನರನ್ನು ಸುಲಿಗೆ ಮಾಡಿದವು. ಕೇಸು ಬಿದ್ದುಹೋದರೂ ಫೋಟೋ ಮಾತ್ರ ಹೋಗುತ್ತಿರಲಿಲ್ಲ. ಜಾರ್ಜಿಯಾ ರಾಜ್ಯ 2013ರಲ್ಲಿ ಇದಕ್ಕೆ ಕಡಿವಾಣ ಹಾಕುವ ಕಾನೂನು ತಂದಿತು. ಅದೇ ವರ್ಷ ಗೂಗಲ್ ಕೂಡ ಇಂತಹ ತಾಣಗಳು ಹುಡುಕಾಟದಲ್ಲಿ ಮೇಲೆ ಬಾರದಂತೆ ಬದಲಾವಣೆ ಮಾಡಿತು.

ಭಾರತದಲ್ಲೂ ಪೊಲೀಸರು ಬಂಧಿತರ ಫೋಟೋ ತೆಗೆಯುತ್ತಾರೆ, ಆದರೆ ಸಾರ್ವಜನಿಕರಿಗಾಗಿ ಅಲ್ಲ. 1920ರ ಕೈದಿಗಳ ಗುರುತಿಸುವಿಕೆ ಕಾಯ್ದೆಯ ಜಾಗಕ್ಕೆ ಬಂದ 2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆಯಡಿ ಬೆರಳಚ್ಚು, ಫೋಟೋ, ಕಣ್ಣಿನ ಪಾಪೆಯ ಗುರುತು ಸಂಗ್ರಹಿಸಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದಲ್ಲಿ 75 ವರ್ಷ ಇಡಬಹುದು. ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ಖುಲಾಸೆಯಾದರೆ, ಮೇಲ್ಮನವಿಗಳೆಲ್ಲ ಮುಗಿದ ಬಳಿಕ, ನ್ಯಾಯಾಲಯ ಬೇರೆ ಆದೇಶ ಮಾಡದಿದ್ದಲ್ಲಿ ಅದನ್ನು ಅಳಿಸಬೇಕು. ಇದು ಪೊಲೀಸರ ಕಡತ. ರೌಡಿಶೀಟ್ ಅಥವಾ ಹಿಸ್ಟರಿ ಶೀಟ್ ಕೂಡ ಪೊಲೀಸರ ಆಂತರಿಕ ದಾಖಲೆಯೇ ಹೊರತು ಸಾರ್ವಜನಿಕರು ನೋಡುವಂಥದ್ದಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಹೇಳಿದೆ.

ಹೈದರಾಬಾದ್‌ನಲ್ಲಿ ಫೋಟೋ ವಿಚಾರ ಇನ್ನಷ್ಟು ಸೂಕ್ಷ್ಮ. ತೆಲಂಗಾಣ ಪೊಲೀಸರ 'ಟಿಎಸ್‌ಕಾಪ್' ಆ್ಯಪ್‌ಗೆ 2018ರಲ್ಲೇ ಮುಖ ಗುರುತಿಸುವ ತಂತ್ರಜ್ಞಾನ ಸೇರಿದೆ. ಅಂದರೆ ರಸ್ತೆಯಲ್ಲಿ ನಿಂತ ಕಾನ್‌ಸ್ಟೆಬಲ್ ತನ್ನ ಮೊಬೈಲ್‌ನಲ್ಲೇ ಮುಖವೊಂದನ್ನು ಹಳೆಯ ಆರೋಪಿಗಳ ಫೋಟೋಗಳ ಜತೆ ತಾಳೆ ನೋಡಬಹುದು. 2021ರ ಮೇ ತಿಂಗಳ ಲಾಕ್‌ಡೌನ್‌ನಲ್ಲಿ ಹಳೇ ನಗರದಲ್ಲಿ ಪೊಲೀಸರು ತಮ್ಮನ್ನು ತಡೆದು, ಮಾಸ್ಕ್ ತೆಗೆಸಲು ಹೇಳಿ ಫೋಟೋ ತೆಗೆದರು ಎಂದು ಸಾಮಾಜಿಕ ಕಾರ್ಯಕರ್ತ ಎಸ್.ಕ್ಯೂ. ಮಸೂದ್ ಹೈಕೋರ್ಟ್ ಮೆಟ್ಟಿಲೇರಿದರು. 2022ರ ಜನವರಿಯಲ್ಲಿ ಹೈಕೋರ್ಟ್ ಸರ್ಕಾರಕ್ಕೆ ನೋಟಿಸ್ ನೀಡಿತು. ಇಂತಹ ದತ್ತಾಂಶ ಪೊಲೀಸರ ಬಳಿ ಭದ್ರವಾಗಿದೆಯೇ ಎಂಬ ಪ್ರಶ್ನೆಯೂ ಇದೆ. 2024ರ ಜೂನ್‌ನಲ್ಲಿ ಪೊಲೀಸರದ್ದೇ 'ಹಾಕ್ ಐ' ಆ್ಯಪ್‌ಗೆ ಕನ್ನ ಹಾಕಿದ ಆರೋಪದಲ್ಲಿ 20 ವರ್ಷದ ವಿದ್ಯಾರ್ಥಿಯೊಬ್ಬನ ಬಂಧನವಾಗಿತ್ತು.

ಮುಖ ಬೇಡ, ಹೆಸರು ಬೇಕು

ಯಾರನ್ನು ಬಂಧಿಸಲಾಗಿದೆ ಎಂಬುದನ್ನು ಪೊಲೀಸರು ಬಚ್ಚಿಡುವಂತಿಲ್ಲ. ಫೋಟೋ ಗುಪ್ತವಾಗಿದ್ದರೂ ಬಂಧನ ಗುಪ್ತವಾಗಿರಬಾರದು. ಇದು ಬಂಧಿತನ ಮಾನ ಕಳೆಯುವುದಕ್ಕಲ್ಲ, ಅವನ ಜೀವ ಉಳಿಸುವುದಕ್ಕೆ. ಠಾಣೆಗೆ ಹೋದವನು ಎಲ್ಲಿದ್ದಾನೆಂದೇ ಗೊತ್ತಾಗದ ಪ್ರಕರಣಗಳು, ಲಾಕಪ್ ಸಾವುಗಳು ಹೆಚ್ಚಿದ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ 11 ನಿರ್ದೇಶನಗಳನ್ನು ಕೊಟ್ಟಿತು. ಬಂಧನದ ಬಗ್ಗೆ 12 ಗಂಟೆಯೊಳಗೆ ಕಂಟ್ರೋಲ್ ರೂಮ್‌ಗೆ ತಿಳಿಸಿ, ಅಲ್ಲಿನ ನೋಟಿಸ್ ಬೋರ್ಡ್‌ನಲ್ಲಿ ಹಾಕಬೇಕು ಎಂಬುದು ಅವುಗಳಲ್ಲೊಂದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಸೆಕ್ಷನ್ ಇದನ್ನು ಮತ್ತಷ್ಟು ಬಿಗಿ ಮಾಡಿದೆ. ಪ್ರತಿ ಠಾಣೆ ಮತ್ತು ಪ್ರತಿ ಜಿಲ್ಲೆಯಲ್ಲಿ ಎಎಸ್‌ಐ ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಅಧಿಕಾರಿಯೊಬ್ಬರು ಬಂಧಿತರ ಹೆಸರು, ವಿಳಾಸ, ಅಪರಾಧದ ಸ್ವರೂಪದ ಮಾಹಿತಿ ಇಟ್ಟಿರಬೇಕು. ಅದನ್ನು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಪ್ರದರ್ಶಿಸಬೇಕು. ಡಿಜಿಟಲ್ ರೂಪದಲ್ಲೂ ಪ್ರದರ್ಶಿಸಬಹುದು. ಗಮನಿಸಿ, ಸೆಕ್ಷನ್‌ನಲ್ಲಿ ಹೆಸರು ಇದೆ, ವಿಳಾಸ ಇದೆ, ಫೋಟೋ ಎಂಬ ಪದವೇ ಇಲ್ಲ.

ಕಾಯ್ದೆ ಪುಸ್ತಕದಲ್ಲಿ ಇರುವಷ್ಟು ಸಲೀಸಾಗಿ ಠಾಣೆಯಲ್ಲಿ ಎಲ್ಲವೂ ನಡೆಯುತ್ತದೆ ಎಂದೇನಲ್ಲ. ಆದರೂ ಠಾಣೆಯ ಬಾಗಿಲಲ್ಲಿ ನಿಂತು "37ನೇ ಸೆಕ್ಷನ್ ಪ್ರಕಾರ ಬಂಧಿತರ ಪಟ್ಟಿ ಎಲ್ಲಿದೆ ಸರ್?" ಎಂದು ಕೇಳುವುದಕ್ಕೂ, "ನಮ್ಮ ಹುಡುಗ ಇಲ್ಲಿದ್ದಾನಾ?" ಎಂದು ಕೇಳುವುದಕ್ಕೂ ವ್ಯತ್ಯಾಸವಿದೆ.

ಮೊದಲ 24 ಗಂಟೆ

ಬಂಧಿಸಿದ ಕೂಡಲೇ ಪೊಲೀಸರು ಬಂಧನ ಮೆಮೊ ಬರೆಯಬೇಕು. ಅದಕ್ಕೆ ಮನೆಯವರು ಅಥವಾ ಆ ಪ್ರದೇಶದ ಗೌರವಾನ್ವಿತ ವ್ಯಕ್ತಿಯೊಬ್ಬರ ಸಾಕ್ಷಿ ಸಹಿ, ಬಂಧಿತನ ಸಹಿ ಎರಡೂ ಇರಬೇಕು. ಬಂಧಿತ ಹೇಳಿದ ಸಂಬಂಧಿ ಅಥವಾ ಸ್ನೇಹಿತರಿಗೆ, ಬಂಧನವಾಗಿದೆ ಮತ್ತು ಎಲ್ಲಿ ಇಡಲಾಗಿದೆ ಎಂಬುದನ್ನು ತಿಳಿಸಬೇಕು. ಯಾರಿಗೆ ತಿಳಿಸಲಾಯಿತು ಎಂಬುದನ್ನು ಠಾಣೆಯ ಪುಸ್ತಕದಲ್ಲಿ ನಮೂದಿಸಬೇಕು. ಇದು ನಡೆದಿದೆಯೇ ಎಂದು ಖಚಿತಪಡಿಸಿಕೊಳ್ಳುವ ಹೊಣೆ ಮ್ಯಾಜಿಸ್ಟ್ರೇಟ್ ಅವರದ್ದು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು. ಇದು ಸಂವಿಧಾನದ 22ನೇ ವಿಧಿಯೇ ಕೊಟ್ಟಿರುವ ರಕ್ಷಣೆ.

ಹೊರಗಿನವರಿಗೆ ಹೈದರಾಬಾದ್‌ನಲ್ಲಿ ಎದುರಾಗುವ ಮೊದಲ ತೊಡಕು ಯಾವ ಠಾಣೆ ಎಂಬುದೇ. ನಗರ ಒಂದೇ ಆಗಿ ಕಂಡರೂ ಪೊಲೀಸ್ ವ್ಯವಸ್ಥೆ ಒಂದೇ ಅಲ್ಲ. ಚಾರ್‌ಮಿನಾರ್, ನಾಂಪಲ್ಲಿ ಕಡೆ ಹೈದರಾಬಾದ್ ಕಮಿಷನರೇಟ್ ಆದರೆ, ಐಟಿ ಕಂಪನಿಗಳಿರುವ ಮಾದಾಪುರ, ಗಚ್ಚಿಬೌಲಿ ಕಡೆ ಸೈಬರಾಬಾದ್ ಕಮಿಷನರೇಟ್. ಒಂದು ಕಮಿಷನರೇಟ್‌ನ ಕಂಟ್ರೋಲ್ ರೂಮ್‌ನಲ್ಲಿ "ಅಂಥ ಹೆಸರಿನವರು ಇಲ್ಲ" ಎಂದ ಮಾತ್ರಕ್ಕೆ ಹುಡುಕಾಟ ನಿಲ್ಲಿಸಬಾರದು. ಆತ ವಾಸವಿದ್ದ ಜಾಗ, ಕೆಲಸ ಮಾಡುತ್ತಿದ್ದ ಜಾಗ ಎರಡರ ಠಾಣೆಗಳನ್ನೂ ವಿಚಾರಿಸಬೇಕು. 112ಕ್ಕೆ ಕರೆ ಮಾಡಿ ಆ ಪ್ರದೇಶದ ಠಾಣೆ ಯಾವುದೆಂದು ಕೇಳಬಹುದು.

ಠಾಣೆ ಗೊತ್ತಾದರೆ ಮುಂದಿನದು ಕ್ರೈಂ ನಂಬರ್, ಅಂದರೆ ಎಫ್‌ಐಆರ್ ಸಂಖ್ಯೆ. ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟ್‌ಗೆ ಹಾಕಬೇಕು, ಇಂಟರ್ನೆಟ್ ತೊಂದರೆ ಇರುವ ಕಡೆ ಗರಿಷ್ಠ 72 ಗಂಟೆ ಎಂದು ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 7ರಂದು ಆದೇಶಿಸಿದೆ. ಲೈಂಗಿಕ ಅಪರಾಧ, ಪೋಕ್ಸೋ, ಭಯೋತ್ಪಾದನೆಯಂತಹ ಪ್ರಕರಣಗಳಿಗೆ ಇದರಿಂದ ವಿನಾಯಿತಿ ಇದೆ. ತೆಲಂಗಾಣದಲ್ಲಿ ಎಫ್‌ಐಆರ್ ಸಾಮಾನ್ಯವಾಗಿ ತೆಲುಗು ಅಥವಾ ಇಂಗ್ಲಿಷ್‌ನಲ್ಲಿ ಇರುತ್ತದೆ. ದೂರು ಕೊಟ್ಟಾಗ ಆರೋಪಿ ಯಾರೆಂದು ಗೊತ್ತಿಲ್ಲದಿದ್ದರೆ ಎಫ್‌ಐಆರ್‌ನಲ್ಲಿ 'ಅಪರಿಚಿತ' ಎಂದಷ್ಟೇ ಇರುತ್ತದೆ. ಹಾಗಾಗಿ ಎಫ್‌ಐಆರ್‌ನಲ್ಲಿ ಹೆಸರಿಲ್ಲ ಎಂದರೆ ಬಂಧನವಾಗಿಲ್ಲ ಎಂದರ್ಥವಲ್ಲ.

ಎಫ್‌ಐಆರ್ ಸಂಖ್ಯೆ ಮತ್ತು ವರ್ಷ ಕೈಯಲ್ಲಿದ್ದರೆ ಇ-ಕೋರ್ಟ್ಸ್ ತಾಣದಲ್ಲಿ ರಾಜ್ಯ, ಜಿಲ್ಲೆ, ನ್ಯಾಯಾಲಯ, ಠಾಣೆ ಆರಿಸಿ ಪ್ರಕರಣ ಹುಡುಕಬಹುದು. ತನಿಖೆ ನಡೆಯುತ್ತಿರುವ ಹಂತದಲ್ಲಿ ಅಲ್ಲಿ ಹೆಚ್ಚೇನೂ ಕಾಣದಿರಬಹುದು. ಜಾಮೀನು ಅರ್ಜಿ ಸಲ್ಲಿಕೆಯಾದರೆ ಅದರ ವಿವರ ಕಾಣುತ್ತದೆ. ಆರೋಪಪಟ್ಟಿಯನ್ನು ಮಾತ್ರ ಎಫ್‌ಐಆರ್‌ನಂತೆ ವೆಬ್‌ಸೈಟ್‌ಗೆ ಹಾಕಬೇಕಿಲ್ಲ, ಅದು ಸಾರ್ವಜನಿಕ ದಾಖಲೆಯಲ್ಲ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಜೈಲಿನಲ್ಲಿ ಇದ್ದರೆ?

ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದ ಮೇಲೆ ಆರೋಪಿ ಠಾಣೆಯಿಂದ ಜೈಲಿಗೆ ಹೋಗುತ್ತಾನೆ. ನಗರದಲ್ಲಿ ಮುಖ್ಯವಾಗಿ ಚಂಚಲಗುಡ ಮತ್ತು ಚರ್ಲಪಲ್ಲಿ ಕೇಂದ್ರ ಕಾರಾಗೃಹಗಳಿವೆ. ಮಹಿಳೆಯರಿಗೆ ಚಂಚಲಗುಡದಲ್ಲೇ ಪ್ರತ್ಯೇಕ ಜೈಲಿದೆ. ಒಳಗೆ ಸೇರಿಸಿಕೊಳ್ಳುವಾಗ ಹೆಸರು, ತಂದೆಯ ಹೆಸರು, ವಯಸ್ಸು, ಮೈಮೇಲಿನ ಗುರುತು, ಯಾವ ನ್ಯಾಯಾಲಯದ ಆದೇಶ ಎಂಬುದನ್ನು ಬರೆದುಕೊಂಡು ಸಂಖ್ಯೆ ಕೊಡುತ್ತಾರೆ. ಸುದ್ದಿಯಾಗುವ 'ಕೈದಿ ನಂಬರ್' ಇದೇ. ಇದು ಜೈಲಿನ ಆಡಳಿತಕ್ಕೆ ಬೇಕಾದ ಸಂಖ್ಯೆ. ಹೊರಗಿನವರು ಆ ಸಂಖ್ಯೆ ಹಾಕಿ ಫೋಟೋ ನೋಡುವ ವ್ಯವಸ್ಥೆ ಇಲ್ಲ.

ಮನೆಯವರಿಗೆ ಉಪಯೋಗಕ್ಕೆ ಬರುವುದು ಕೇಂದ್ರ ಸರ್ಕಾರದ ಇ-ಪ್ರಿಸನ್ಸ್ ತಾಣದಲ್ಲಿರುವ 'ಇ-ಮುಲಾಕಾತ್'. ಕೈದಿಯ ಹೆಸರು, ಜೈಲಿನ ಹೆಸರು ಕೊಟ್ಟು ಭೇಟಿಗೆ ನೋಂದಾಯಿಸಬಹುದು. ಹೆಸರಿನ ಇಂಗ್ಲಿಷ್ ಕಾಗುಣಿತ ರಿಮ್ಯಾಂಡ್ ವಾರಂಟ್‌ನಲ್ಲಿ ಇದ್ದಂತೆಯೇ ಇದ್ದರೆ ಒಳ್ಳೆಯದು. ನಮ್ಮ ಬಸವರಾಜ ಅಲ್ಲಿ ತೆಲುಗು ಉಚ್ಚಾರಣೆಯಲ್ಲಿ ಬಸವರಾಜು ಆಗಿರುವ ಸಾಧ್ಯತೆ ಇದ್ದೇ ಇದೆ. ಅದಕ್ಕೇ ರಿಮ್ಯಾಂಡ್ ದಿನ ನ್ಯಾಯಾಲಯದಲ್ಲಿ ವಕೀಲರೊಬ್ಬರು ಇದ್ದರೆ ಅರ್ಧ ಕೆಲಸ ಮುಗಿದಂತೆ. ದುಡ್ಡಿಲ್ಲದವರು ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು.

ಯಾರೂ ಉತ್ತರ ಕೊಡದಿದ್ದರೆ? ಮಾಹಿತಿ ಹಕ್ಕು ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಯೊಳಗೆ ಕೊಡಬೇಕು. 24 ಗಂಟೆ ಮೀರಿದರೂ ಎಲ್ಲಿದ್ದಾನೆಂದು ತಿಳಿಯದಿದ್ದರೆ ಅರ್ಜಿ ಬರೆಯುತ್ತಾ ಕೂರುವ ಬದಲು ಹೈಕೋರ್ಟ್‌ನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವ ಬಗ್ಗೆ ವಕೀಲರೊಂದಿಗೆ ಮಾತನಾಡುವುದೇ ಸರಿ.

"ನಿಮ್ಮ ಮಗ ಅರೆಸ್ಟ್ ಆಗಿದ್ದಾನೆ" ಎಂದು ಕರೆ ಬಂದರೆ

ಈ ದಾಖಲೆಗಳ ಬಗ್ಗೆ ತಿಳಿದಿರಬೇಕಾದ ಇನ್ನೊಂದು ಕಾರಣ ವಂಚಕರು. ಪೊಲೀಸ್ ಸಮವಸ್ತ್ರದ ಡಿಪಿ ಇಟ್ಟುಕೊಂಡು, ಮಗ ಅಥವಾ ಮಗಳು ಡ್ರಗ್ಸ್ ಕೇಸಿನಲ್ಲಿ ಸಿಕ್ಕಿಬಿದ್ದಿದ್ದಾರೆ, ಈಗಲೇ ದುಡ್ಡು ಹಾಕಿದರೆ ಬಿಡುತ್ತೇವೆ ಎಂದು ಹೆದರಿಸುತ್ತಾರೆ. ಇನ್ನು ಕೆಲವರು ನಿಮ್ಮನ್ನೇ 'ಡಿಜಿಟಲ್ ಅರೆಸ್ಟ್' ಮಾಡಿದ್ದೇವೆ ಎನ್ನುತ್ತಾರೆ. 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ನರೇಂದ್ರ ಮೋದಿ ಇಂತಹದೇ ಒಂದು ಕರೆಯನ್ನು ಕೇಳಿಸಿ, ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ ಎಂದು ಹೇಳಿದ್ದರು.

ಕರೆ ಬಂದರೆ ಕೇಳಬೇಕಾದ್ದು ಇಷ್ಟೇ: ಯಾವ ಠಾಣೆ, ಕ್ರೈಂ ನಂಬರ್ ಎಷ್ಟು, ಬಂಧಿಸಿದ ಅಧಿಕಾರಿ ಯಾರು, ಯಾವ ನ್ಯಾಯಾಲಯಕ್ಕೆ ಹಾಜರುಪಡಿಸುತ್ತೀರಿ? ಬಳಿಕ ಅವರು ಕೊಟ್ಟ ನಂಬರ್‌ಗೆ ಅಲ್ಲ, ನೀವೇ ಹುಡುಕಿದ ಠಾಣೆಯ ನಂಬರ್‌ಗೆ ಕರೆ ಮಾಡಿ. ಅದಕ್ಕೂ ಮೊದಲು ಮಗನಿಗೆ, ಅವನ ರೂಮ್‌ಮೇಟ್‌ಗೆ ಒಂದು ಫೋನ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಅರೆಸ್ಟ್ ವಾರಂಟ್, ಕೈಕೋಳ ಹಾಕಿದ ಫೋಟೋ ಯಾವುದಕ್ಕೂ ಬೆಲೆ ಇಲ್ಲ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು.

ಫೋಟೋ ಸಿಕ್ಕಿದೆ, ಶೇರ್ ಮಾಡಬಹುದಾ?

ಆರೋಪಿಗಳ ಮುಖಕ್ಕೆ ಕಪ್ಪು ಬಟ್ಟೆ ಹಾಕಿ ಪತ್ರಿಕಾಗೋಷ್ಠಿಯಲ್ಲಿ ನಿಲ್ಲಿಸುವುದನ್ನು ಟಿವಿಯಲ್ಲಿ ನೋಡಿಯೇ ಇರುತ್ತೀರಿ. ಗುರುತು ಪತ್ತೆ ಪರೇಡ್ ಆಗಬೇಕಿರುವ ಪ್ರಕರಣದಲ್ಲಿ ಮುಖ ಮೊದಲೇ ಹೊರಬಿದ್ದರೆ ಸಾಕ್ಷ್ಯವೇ ದುರ್ಬಲವಾಗುತ್ತದೆ. ಅಪ್ರಾಪ್ತರ ವಿಚಾರದಲ್ಲಂತೂ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಖಡಕ್ಕಾಗಿದೆ: ಗುರುತು ಬಹಿರಂಗಪಡಿಸಿದರೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಲೈಂಗಿಕ ದೌರ್ಜನ್ಯದ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಎರಡು ವರ್ಷದವರೆಗೆ ಜೈಲು. 2022ರಲ್ಲಿ ಜುಬಿಲಿ ಹಿಲ್ಸ್ ಸಾಮೂಹಿಕ ಅತ್ಯಾಚಾರ ಪ್ರಕರಣದ ಫೋಟೋ, ವಿಡಿಯೋಗಳನ್ನು ಮಾಧ್ಯಮಗಳ ಮುಂದಿಟ್ಟ ಶಾಸಕರೊಬ್ಬರ ಮೇಲೆಯೇ ಹೈದರಾಬಾದ್ ಪೊಲೀಸರು ಕೇಸು ದಾಖಲಿಸಿದ್ದರು.

ಕೇಸು ಮುಗಿದು ಖುಲಾಸೆಯಾದ ಮೇಲೂ ಗೂಗಲ್‌ನಲ್ಲಿ ಹೆಸರು ಉಳಿದರೆ ಏನು ಮಾಡುವುದು? ಮಾದಕ ವಸ್ತು ಪ್ರಕರಣದಲ್ಲಿ ಖುಲಾಸೆಯಾಗಿದ್ದ ಭಾರತ ಮೂಲದ ಅಮೆರಿಕ ಪ್ರಜೆಯೊಬ್ಬರಿಗೆ, ಅಂತರ್ಜಾಲದಲ್ಲಿದ್ದ ತೀರ್ಪಿನಿಂದಾಗಿಯೇ ಕೆಲಸ ಸಿಗುತ್ತಿರಲಿಲ್ಲ. 2021ರಲ್ಲಿ ದೆಹಲಿ ಹೈಕೋರ್ಟ್ ಆ ತೀರ್ಪು ಹುಡುಕಾಟದಲ್ಲಿ ಸಿಗದಂತೆ ಮಾಡಲು ಮಧ್ಯಂತರ ಆದೇಶ ನೀಡಿತು. ಆದರೆ ಈ 'ಮರೆತುಬಿಡುವ ಹಕ್ಕು' ಅರ್ಜಿ ಹಾಕಿದವರಿಗೆಲ್ಲ ತಾನಾಗಿ ಸಿಗುವುದಿಲ್ಲ. ನ್ಯಾಯಾಲಯಗಳು ಆಯಾ ಪ್ರಕರಣ ನೋಡಿ ತೀರ್ಮಾನಿಸುತ್ತಿವೆ. ಕೋರ್ಟ್‌ಗೆ ಹೋಗುವವರು ಖುಲಾಸೆ ತೀರ್ಪಿನ ದೃಢೀಕೃತ ಪ್ರತಿಯನ್ನು ಜೊತೆಗೆ ಇಟ್ಟುಕೊಂಡಿರಬೇಕು.